ಸಣ್ಣ ಇಂಟರ್ನೆಟ್ ಕಂಪನಿಯವರು ಸ್ಪ್ಯಾಮ್ ಮೇಲ್ ಕಾಟ ಹೇಗೆ ತಡೀತಾರೆ?

ಒಳಗೆ ಬರೋ ಕಸಕ್ಕಿಂತ ನಮ್ಮಿಂದ ಹೊರಗೆ ಹೋಗೋ ಕಸವೇ ದೊಡ್ಡ ತಲೆನೋವು. ಗಂಗಾವತಿಯಲ್ಲಿ ನೆಟ್ ಕನೆಕ್ಷನ್ ಕೊಡ್ತಿದ್ದಾಗ ಒಂದು ರೈಸ್ ಮಿಲ್ಲಿನ ಬಿಲ್ಲಿಂಗ್ ಕಂಪ್ಯೂಟರಿಗೆ ವೈರಸ್ ಹತ್ತಿ, ರಾತ್ರಿಯಿಡೀ ಮೇಲ್ ಉಗುಳಿತು. ಹತ್ತಾರು ಗಿರಾಕಿಗಳು ಹಂಚಿಕೊಂಡಿದ್ದ ಐಪಿ (ನೆಟ್ ಮೇಲಿನ ವಿಳಾಸ) ಅದು. ಸ್ಪ್ಯಾಮ್ ಕಳಿಸೋರ ಕಪ್ಪುಪಟ್ಟಿಗೆ ಬಿತ್ತು, ಎಲ್ಲರ ಮೇಲ್ ವಾಪಸ್ ಬಂತು. ಬೈಗುಳ ತಿಂದದ್ದು ನಾವು.

ಆವತ್ತೇ ಹೊರಹೋಗುವ 25ನೇ ಪೋರ್ಟ್, ಅಂದ್ರೆ ಪಾಸ್‌ವರ್ಡ್ ಇಲ್ದೇ ಮೇಲ್ ನೇರ ಹೊರಬೀಳೋ ದಾರಿ, ಮುಚ್ಚಿದ್ವಿ. ಮೇಲ್ ಕಳಿಸೋರಿಗೆ ಪಾಸ್‌ವರ್ಡ್ ಕೇಳೋ 587ನೇ ಪೋರ್ಟ್ ಇದ್ದೇ ಇದೆ.

ಒಳಬರೋ ಮೇಲಿಗೆ ಅಗ್ಗದ ಮದ್ದು ಗ್ರೇಲಿಸ್ಟಿಂಗ್. ಗುರುತಿಲ್ಲದ ಸರ್ವರಿಗೆ ಮೊದಲ ಸಲ 451 ಅನ್ನೋ ಕೋಡ್ ಕೊಟ್ಟು ‘ಈಗಲ್ಲ, ಆಮೇಲೆ ಬಾ’ ಅನ್ನೋದು. ಬಾಗಿಲ ಮೇಲೆ ‘ನಾಳೆ ಬಾ’ ಬರೆದಂಗೆ. ಅಸಲಿ ಸರ್ವರ್ ತಿರುಗಿ ಬರ್ತದೆ, ಸ್ಪ್ಯಾಮ್ ದೆವ್ವ ಬಹುತೇಕ ಬರಂಗಿಲ್ಲ. ಮೇಲಿಗೆ ಬರೋ ಓಟಿಪಿ ತಡ ಆಯ್ತು ಅಂತ ಫೋನ್ ಮಾತ್ರ ತಪ್ಪದೇ ಬರ್ತವೆ.