ಮೈದಾನದ ಪ್ರಶ್ನೋತ್ತರ: ಈ ಸಲ ಪೂರ್ತಿ ಕ್ರೊವೇಶಿಯಾದ ಫುಟ್‌ಬಾಲ್ ಆಟಗಾರ ಮೊಡ್ರಿಚ್

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗನಿಗೆ 13 ವರ್ಷ, ಸ್ಕೂಲ್ ಟೀಮಲ್ಲಿ ಮಿಡ್‌ಫೀಲ್ಡ್ ಆಡ್ತಾನೆ, ಬಾಲು ಕಾಲಿಗೆ ಅಂಟ್ಕೊಂಡಂಗೇ ಇರುತ್ತೆ ಅಂತ ಪಿಟಿ ಮೇಷ್ಟ್ರೇ ಹೇಳ್ತಾರೆ. ಹೋದ ತಿಂಗಳು ಒಂದು ಸೆಲೆಕ್ಷನ್‌ಗೆ ಕರ್ಕೊಂಡ್ ಹೋಗಿದ್ದೆ, ಹತ್ತು ನಿಮಿಷನೂ ಆಡಿಸ್ಲಿಲ್ಲ, "ಹುಡುಗ ತುಂಬಾ ಸಣ್ಣ, ಮೈ ಬಂದ್ಮೇಲೆ ಕರ್ಕೊಂಡ್ ಬನ್ನಿ" ಅಂದ್ಬಿಟ್ರು. ಅವತ್ತಿಂದ ಶೂ ಮುಟ್ಟಿಲ್ಲ ಅವನು. ನೀವು ಮೊಡ್ರಿಚ್ ಮೊಡ್ರಿಚ್ ಅಂತ ಬರೀತಾನೇ ಇರ್ತೀರಲ್ಲ, ಆ ಕಥೆ ಸ್ವಲ್ಪ ಬಿಡಿಸಿ ಹೇಳಿ, ಅವನಿಗೆ ಓದಿಸ್ತೀನಿ.
(ಒಬ್ಬ ತಂದೆ, ಹಾಸನ)

ಉತ್ತರ: ಸಾರ್, ಇದನ್ನ ನಿಮ್ಮ ಮಗನಿಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಪುಟ್ಟಾ, ನಿಂಗೆ ಹೇಳಿದ ಮಾತನ್ನೇ ಲೂಕಾ ಮೊಡ್ರಿಚ್‌ಗೂ ಹೇಳಿದ್ರು. ಹುಟ್ಟಿದ್ದು 1985ರಲ್ಲಿ, ಕ್ರೊವೇಶಿಯಾದ ಸಮುದ್ರ ದಂಡೆಯಲ್ಲಿರೋ ಜಾದರ್ ಅನ್ನೋ ಊರಲ್ಲಿ, ಆಗ ಅದಿನ್ನೂ ಯುಗೊಸ್ಲಾವಿಯಾ. ಪುಟ್ಟ ಹುಡುಗ ಆಗಿದ್ದಾಗ ಹೆಚ್ಚು ಕಾಲ ಕಳೆದಿದ್ದು ವೆಲೆಬಿಟ್ ಬೆಟ್ಟದ ಮಗ್ಗುಲಲ್ಲಿ, ತಾತನ ಜೊತೆ. ತಾತನ ಹೆಸರೂ ಲೂಕಾನೇ, ನಮ್ಮಲ್ಲೂ ಮೊಮ್ಮಗನಿಗೆ ತಾತನ ಹೆಸರಿಡ್ತಾರಲ್ವಾ ಹಂಗೆ. ಅವನು ಕೋಲು ಹಿಡ್ಕೊಂಡು ಮೇಕೆ ಹಿಂದೆ ಓಡ್ತಾ ಇರೋ ಒಂದು ಹಳೇ ವಿಡಿಯೋ ಇದೆ, ಸಿಕ್ಕಿದ್ರೆ ಅಪ್ಪನ ಜೊತೆ ಕೂತು ನೋಡು, ಮೇಕೆಗಳೇ ಅವನಿಗಿಂತ ದೊಡ್ಡದಾಗಿ ಕಾಣ್ತವೆ. 1991ರಲ್ಲಿ ಯುದ್ಧ ಶುರುವಾಯ್ತು, ಆ ವರ್ಷ ಡಿಸೆಂಬರಲ್ಲಿ ಸೆರ್ಬ್ ಬಂಡುಕೋರರು ಆ ತಾತನ್ನ ಗುಂಡಿಟ್ಟು ಕೊಂದ್ರು. ಹುಡುಗನಿಗೆ ಆಗ ಆರು ವರ್ಷ. ಮನೆ ಸುಟ್ಟುಹೋಯ್ತು, ಅಪ್ಪ ಸೈನ್ಯಕ್ಕೆ ಸೇರಿದ್ರು, ಮನೆಯವರೆಲ್ಲ ಜಾದರ್‌ಗೆ ಓಡಿ ಬಂದು ಅಲ್ಲಿನ ಕೊಲೊವಾರೆ ಹೋಟೆಲಲ್ಲಿ ನಿರಾಶ್ರಿತರಾಗಿ ವರ್ಷಗಟ್ಲೆ ಉಳ್ಕೊಂಡ್ರು. ಆ ಹೋಟೆಲಿನ ಕಾರ್ ಪಾರ್ಕಿಂಗೇ ಅವನ ಮೊದಲ ಮೈದಾನ.

ಸ್ಪ್ಲಿಟ್ ಊರಿನ ಹೈಡುಕ್ ಅಂದ್ರೆ ಆ ಕಡೆ ಹುಡುಗರಿಗೆಲ್ಲ ಕನಸಿನ ಕ್ಲಬ್ಬು. ಅಲ್ಲಿಗೆ ಟ್ರಯಲ್‌ಗೆ ಹೋದ, ಸಣ್ಣ ಇದಾನೆ, ತೂಕ ಇಲ್ಲ ಅಂತ ವಾಪಸ್ ಕಳಿಸಿದ್ರು. ಅತ್ಕೊಂಡೇ ಬಂದಿರ್ತಾನೆ ಅನ್ಸುತ್ತೆ ನಂಗೆ, ಅಳೋದ್ರಲ್ಲಿ ತಪ್ಪೇನಿಲ್ಲ ಪುಟ್ಟಾ. ಆದ್ರೆ ಜಾದರಲ್ಲಿ ತೊಮಿಸ್ಲಾವ್ ಬಾಶಿಚ್ ಅನ್ನೋ ಕೋಚ್ ಇದ್ರು, ಅವರು ಕೈ ಬಿಡ್ಲಿಲ್ಲ. ಮರ ಕೆತ್ತಿ ಶಿನ್ ಗಾರ್ಡ್, ಅಂದ್ರೆ ಮೊಣಕಾಲ ಕೆಳಗೆ ಕಟ್ಕೊಳ್ಳೋ ಕಾಪು, ಮಾಡ್ಕೊಟ್ಟಿದ್ರು ಅಂತಾರೆ ಅವನಿಗೆ. ರಾಜಧಾನಿ ಜಾಗ್ರೆಬ್‌ನ ಡಿನಾಮೊ ಕ್ಲಬ್ಬಿಗೆ ದಾರಿ ಮಾಡ್ಕೊಟ್ಟಿದ್ದೂ ಅವರೇ.

ಡಿನಾಮೊದವರು 18ನೇ ವಯಸ್ಸಿಗೆ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಬೋಸ್ನಿಯಾಗೆ ಕಳಿಸಿದ್ರು, ಜ್ರಿನ್ಸ್ಕಿ ಮೊಸ್ತಾರ್ ಅನ್ನೋ ಟೀಮಿಗೆ. ಒರಟು ಲೀಗ್ ಅದು, ಮೈದಾನನೂ ಅಷ್ಟಕ್ಕಷ್ಟೆ, ಬಾಲ್ ಬದ್ಲು ಕಾಲಿಗೇ ಒದೆಯೋರು ಎದುರಾಳಿಗಳು. ಆ ಸೀಸನ್ನಲ್ಲಿ ಆ ಲೀಗಿನ ಬೆಸ್ಟ್ ಪ್ಲೇಯರ್ ಆದ ಈ ಸಣ್ಣ ಹುಡುಗ. ಹೆಂಗೆ ಅಂತ ಕೇಳು. ನೂಕಾಟದಲ್ಲಿ ತಾನು ಗೆಲ್ಲಲ್ಲ ಅಂತ ಗೊತ್ತಿರೋನು ನೂಕಾಟ ಆಗೋಕ್ ಮುಂಚೆನೇ ಅಲ್ಲಿಂದ ಜಾರ್ಕೋಬೇಕು, ಅಂದ್ರೆ ಬಾಲ್ ಬರೋಕ್ ಮುಂಚೆನೇ ಯಾರ್ ಎಲ್ಲಿದಾರೆ ಅಂತ ನೋಡ್ಕೊಂಡಿರಬೇಕು. ಸಣ್ಣ ಇದ್ದಿದ್ದಕ್ಕೇ ಅವನು ಇದನ್ನ ಕಲಿತ ಅಂತ ನಾನು ನಂಬ್ತೀನಿ. ದೊಡ್ಡ ಮೈ ಇರೋ ಹುಡುಗರಿಗೆ 15-16ರ ತನಕ ಇದು ಬೇಕೇ ಆಗಲ್ಲ, ಭುಜ ಕೊಟ್ಟು ದಾಟ್ತಾರೆ, ಆಮೇಲೆ ಎಲ್ಲರೂ ಬೆಳೆದ್ಮೇಲೆ ಕಲಿಯೋಕೆ ಹೋದ್ರೆ ಲೇಟಾಗಿರುತ್ತೆ. ಮೊಡ್ರಿಚ್ ಬೆಳೆದ ಮೇಲೂ 5 ಅಡಿ 8 ಇಂಚು ಅಷ್ಟೇ. ನಾಳೆ ಸಂಜೆ ಶೂ ಹಾಕ್ಕೊಂಡು ಮೈದಾನಕ್ಕೆ ಹೋಗು.

ಪ್ರಶ್ನೆ: ರೊನಾಲ್ಡೊ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ 438 ಮ್ಯಾಚಲ್ಲಿ 450 ಗೋಲ್ ಹೊಡ್ದ. ಮೊಡ್ರಿಚ್ ಅಲ್ಲೇ 13 ವರ್ಷ ಆಡಿ ಹೊಡ್ದಿದ್ದು 43. ಆದ್ರೂ 2018ರಲ್ಲಿ ಬ್ಯಾಲನ್ ಡಿ'ಓರ್ ಅವನಿಗೆ ಹೆಂಗ್ ಕೊಟ್ರು? ನಮ್ಮ ಹಾಸ್ಟೆಲಲ್ಲಿ ಇದೇ ಜಗಳ.
(ಪದವಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಅದಕ್ಕೆ ಮುಂಚಿನ ಹತ್ತು ವರ್ಷ, ವರ್ಷದ ಬೆಸ್ಟ್ ಆಟಗಾರನಿಗೆ ಕೊಡೋ ಆ ಪ್ರಶಸ್ತಿ ಮೆಸ್ಸಿಗೆ ಐದು, ರೊನಾಲ್ಡೊಗೆ ಐದು, ಬೇರೆ ಯಾರಿಗೂ ಇಲ್ಲ. ಆ ಸಾಲು ಮುರಿದಿದ್ದು ಒಬ್ಬ ಮಿಡ್‌ಫೀಲ್ಡರ್ ಅನ್ನೋದೇ ನಂಗೆ ದೊಡ್ಡ ಖುಷಿ. ಆ ವರ್ಷ ರಿಯಲ್ ಜೊತೆ ಸತತ ಮೂರನೇ ಚಾಂಪಿಯನ್ಸ್ ಲೀಗ್ (ಯೂರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪು), ಆಮೇಲೆ ಸುಮಾರು 40 ಲಕ್ಷ ಜನ ಇರೋ, ಅಂದ್ರೆ ಬೆಂಗಳೂರಿನ ಅರ್ಧನೂ ಇಲ್ಲದ ದೇಶನ ವರ್ಲ್ಡ್ ಕಪ್ ಫೈನಲ್ ತನಕ ಕರ್ಕೊಂಡ್ ಹೋದ, ಟೂರ್ನಮೆಂಟಿನ ಬೆಸ್ಟ್ ಆಟಗಾರನಿಗೆ ಕೊಡೋ ಗೋಲ್ಡನ್ ಬಾಲೂ ಅವನಿಗೇ ಸಿಕ್ತು.

ಗೋಲ್ ಲೆಕ್ಕ ಬಿಡಿ, ಒಂದು ಪಾಸ್ ಹೇಳ್ತೀನಿ. 2022ರ ಏಪ್ರಿಲ್ 12, ಬೆರ್ನಬೇವು ಸ್ಟೇಡಿಯಂ, ಇಂಗ್ಲೆಂಡಿನ ಚೆಲ್ಸಿ ಮೇಲೆ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ ಎರಡನೇ ಲೆಗ್, ಅಂದ್ರೆ ಎರಡು ಮ್ಯಾಚಿನ ಗೋಲು ಕೂಡಿಸಿ ಗೆದ್ದೋರು ಯಾರು ಅಂತ ನೋಡೋದ್ರಲ್ಲಿ ಎರಡನೇದು. ಮೊದಲ ಲೆಗ್ ರಿಯಲ್ 3-1 ಗೆದ್ದಿತ್ತು, ಇಲ್ಲಿ ನೋಡಿದ್ರೆ ಚೆಲ್ಸಿ 3-0 ಮುಂದೆ, ಒಟ್ಟು ಲೆಕ್ಕದಲ್ಲಿ ರಿಯಲ್ ಔಟು. ನಮ್ಮಲ್ಲಿ ಆಗ ರಾತ್ರಿ ಎರಡು ದಾಟಿತ್ತು, ಮನೇಲಿ ಎಲ್ಲರೂ ಮಲಗಿದ್ರು, ನಾನು ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡ್ಕೊಂಡು ಹತ್ರ ಕೂತಿದ್ದೆ. 80ನೇ ನಿಮಿಷ. ಎಡಗಡೆ ಬಾಲ್ ಮೊಡ್ರಿಚ್ ಕಾಲಲ್ಲಿದೆ, ಎಡಗಾಲಿಗೆ ಬದಲಾಯಿಸ್ಕೊಳ್ಳೋಕೆ ಟೈಮಿಲ್ಲ, ಬಲಗಾಲಿನ ಹೊರಗಿನ ಅಂಚಲ್ಲಿ, ಕಿರುಬೆರಳ ಕಡೆಯಿಂದ, ಬಾಲನ್ನ ಹಂಗೇ ಎತ್ತಿ ಬಿಟ್ಟ. ಅದು ಡಿಫೆಂಡರ್‌ಗಳ ತಲೆ ಮೇಲಿಂದ ಬಾಗ್ಕೊಂಡು ಹೋಗಿ ಓಡಿ ಬರ್ತಿದ್ದ ರೊಡ್ರಿಗೊ ಕಾಲ ಮುಂದೆ ಇಳೀತು, ಅವನು ನೆಲಕ್ಕೆ ಬೀಳೋಕ್ ಬಿಡದೆ ಹೊಡ್ದ, ಗೋಲು. ಎಕ್ಸ್‌ಟ್ರಾ ಟೈಮಲ್ಲಿ ಬೆಂಜೆಮಾ ಇನ್ನೊಂದು ಹೊಡ್ದ, ರಿಯಲ್ ಒಳಗೆ, ಆಮೇಲೆ ಕಪ್ಪೂ ಅವರದ್ದೇ. ಮೊಡ್ರಿಚ್‌ಗೆ ಆಗ 36 ವರ್ಷ. ರೆಕಾರ್ಡಲ್ಲಿ ಗೋಲು ರೊಡ್ರಿಗೊ ಹೆಸರಲ್ಲಿದೆ, ಇರಲಿ, ಆದ್ರೆ ಆ ಗೋಲನ್ನ ಮೊದಲು ನೋಡಿದೋನು ಯಾರು ಅಂತ ನಿಮ್ಮ ಹಾಸ್ಟೆಲ್ ಹುಡುಗರನ್ನ ಕೇಳಿ.

2014ರ ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ ಫೈನಲ್ಲೂ ಹಿಂಗೇ. ಅಟ್ಲೆಟಿಕೊ 1-0 ಮುಂದಿತ್ತು, ಇಂಜುರಿ ಟೈಮಲ್ಲಿ, 92 ನಿಮಿಷ 48 ಸೆಕೆಂಡಿಗೆ ರಿಯಲ್‌ನ ರಾಮೋಸ್ ಹೆಡ್ ಮಾಡಿ ಗೋಲ್ ಹಾಕಿದ್ದು ಎಲ್ಲರಿಗೂ ನೆನಪಿದೆ, ಆ ಕಾರ್ನರ್ ಹೊಡ್ದಿದ್ದು ಇವನೇ.

ಪ್ರಶ್ನೆ: ಮೊಡ್ರಿಚ್ ರಿಯಲ್‌ಗೆ ಬಂದಾಗ ವೇಸ್ಟ್ ಪ್ಲೇಯರ್ ಅಂತ ವೋಟ್ ಹಾಕಿದ್ರಂತೆ, ನಿಜನಾ?
(ಓದುಗರು, ಬಂಟ್ವಾಳ)

ಉತ್ತರ: ನಿಜ. ಇಂಗ್ಲೆಂಡಿನ ಟಾಟನ್‌ಹ್ಯಾಮಲ್ಲಿ ನಾಲ್ಕು ವರ್ಷ ಆಡಿ 2012ರ ಆಗಸ್ಟಲ್ಲಿ ಮ್ಯಾಡ್ರಿಡ್‌ಗೆ ಬಂದ, ಸೀಸನ್ ಮುಂಚಿನ ತಯಾರಿನೂ ಸಿಕ್ಕಿರ್ಲಿಲ್ಲ, ಡಿಸೆಂಬರ್ ಹೊತ್ತಿಗೆ ಸ್ಪೇನಿನ ಮಾರ್ಕಾ ಪತ್ರಿಕೆ ಓದುಗರು ಅವನನ್ನ ಆ ಸೀಸನ್ನಿನ ಅತಿ ಕೆಟ್ಟ ಖರೀದಿ ಅಂತ ಆರಿಸಿದ್ರು. ಬಂದು ಸುಮಾರು ನಾಲ್ಕು ತಿಂಗಳಷ್ಟೇ ಆಗಿತ್ತು. ಮುಂದಿನ ಮಾರ್ಚಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಬೆಂಚಿಂದ ಎದ್ದು ಬಂದು ದೂರದಿಂದ ಒಂದು ಗೋಲ್ ಹೊಡ್ದ, ಪೋಸ್ಟಿಗೆ ತಾಗಿ ಒಳಗೆ ಹೋಯ್ತು, ಆಟನೇ ತಿರುಗ್ತು. 2025ರಲ್ಲಿ ಎಸಿ ಮಿಲಾನ್‌ಗೆ ಹೋಗೋ ಹೊತ್ತಿಗೆ ರಿಯಲಲ್ಲಿ ಗೆದ್ದಿದ್ದು 28 ಟ್ರೋಫಿ, ಅದರಲ್ಲಿ ಆರು ಚಾಂಪಿಯನ್ಸ್ ಲೀಗು.

ಪ್ರಶ್ನೆ: ಅಣ್ಣ, ನಾನು ಕಾಲೇಜ್ ಟೀಮ್ ಕ್ಯಾಪ್ಟನ್. ಫೈನಲಲ್ಲಿ ಪೆನಾಲ್ಟಿ ಮಿಸ್ ಮಾಡ್ದೆ, ಸೋತ್ವಿ. ಇನ್ಮೇಲೆ ಪೆನಾಲ್ಟಿ ಹೊಡಿಯಲ್ಲ ಅಂತ ಹೇಳ್ಬಿಟ್ಟಿದೀನಿ. ತಪ್ಪಾ?
(ಓದುಗಾರ್ತಿ, ಕಲಬುರಗಿ)

ಉತ್ತರ: ತಂಗಿ, 2018ರ ವರ್ಲ್ಡ್ ಕಪ್, ಡೆನ್ಮಾರ್ಕ್ ಮ್ಯಾಚು ನೋಡು. 1-1 ಇದೆ, ಎಕ್ಸ್‌ಟ್ರಾ ಟೈಮ್ ಮುಗಿಯೋಕೆ ನಾಲ್ಕೈದು ನಿಮಿಷ. ಮೊಡ್ರಿಚ್‌ದೇ ಪಾಸು, ಜೊತೆಗಾರ ರೆಬಿಚ್ ಗೋಲ್‌ಕೀಪರನ್ನೂ ದಾಟಿದಾನೆ, ಹಿಂದಿಂದ ಬೀಳಿಸಿದ್ರು, ಪೆನಾಲ್ಟಿ. ಹಾಕಿದ್ರೆ ಕ್ವಾರ್ಟರ್ ಫೈನಲ್. ಕ್ಯಾಪ್ಟನ್ ಮೊಡ್ರಿಚ್ಚೇ ಹೊಡ್ದ, ಡೆನ್ಮಾರ್ಕ್ ಗೋಲ್‌ಕೀಪರ್ ಕಾಸ್ಪರ್ ಶ್ಮೈಕಲ್ ಹಿಡಿದೇ ಬಿಟ್ಟ. ಆಮೇಲೆ ಶೂಟೌಟ್ ಬಂತು ನೋಡು, ಅಲ್ಲಿ ಮತ್ತೆ ಅದೇ ಗೋಲ್‌ಕೀಪರ್ ಎದುರಿಗೆ ಮೊಡ್ರಿಚ್ ಬಂದು ನಿಂತ, ಗೋಲಿನ ನಡುಮಧ್ಯಕ್ಕೇ ಹೊಡ್ದ, ಒಳಗೆ ಹೋಯ್ತು, ಕ್ರೊವೇಶಿಯಾ ಗೆದ್ತು. ಎರಡು ಕಿಕ್ ಮಧ್ಯ ಅರ್ಧ ಗಂಟೆನೂ ಇಲ್ಲ. ಮುಂದೆ ರಷ್ಯಾ ಮೇಲೆ ಮತ್ತೆ 120 ನಿಮಿಷ, ಇಂಗ್ಲೆಂಡ್ ಮೇಲೆ ಮತ್ತೆ 120, ಫೈನಲಲ್ಲಿ ಫ್ರಾನ್ಸ್‌ಗೆ 4-2 ಸೋತ್ರು, ಮಳೆಯಲ್ಲಿ ಕಪ್ ಕೊಡೋ ಹೊತ್ತಲ್ಲಿ ಅವನ ಮುಖ ನಂಗೆ ಇನ್ನೂ ಕಣ್ಣಲ್ಲಿದೆ. ನೀನು ಹೊಡಿಬೇಕು ತಂಗಿ. ಕೋಚ್ ಹತ್ರ ಹೋಗಿ ಆ ಮಾತನ್ನ ವಾಪಸ್ ತಗೊಂಡೆ ಅಂತ ಹೇಳು.

ಪ್ರಶ್ನೆ: ಇಷ್ಟೆಲ್ಲ ಹೊಗಳ್ತೀರಿ, ಕೋರ್ಟ್ ಕೇಸ್ ವಿಷಯ ಯಾಕೆ ಬರಿಯಲ್ಲ?
(ಓದುಗರು, ತುಮಕೂರು)

ಉತ್ತರ: ಕೇಳಿದ್ದು ಸರಿ. ಡಿನಾಮೊದಲ್ಲಿ ಆಗ ಎಲ್ಲ ನಡೆಸ್ತಿದ್ದ ಜ್ದ್ರಾವ್ಕೊ ಮಾಮಿಚ್ ಮೇಲೆ ಆಟಗಾರರ ಟ್ರಾನ್ಸ್‌ಫರ್ ದುಡ್ಡಿನ ಕೇಸಿತ್ತು, 2017ರಲ್ಲಿ ಮೊಡ್ರಿಚ್ ಸಾಕ್ಷಿ ಹೇಳೋವಾಗ ತುಂಬಾ ವಿಷಯ ನೆನಪಿಲ್ಲ ಅಂದ. ಊರಿನ ಜನಕ್ಕೇ ಸಿಟ್ಟು ಬಂತು, ಗೋಡೆ ಮೇಲೆಲ್ಲ ಅವನ ವಿರುದ್ಧ ಬರೆದ್ರು. ಸುಳ್ಳು ಸಾಕ್ಷಿ ಅಂತ 2018ರಲ್ಲಿ ಅವನ ಮೇಲೂ ಆರೋಪ ಹಾಕಿದ್ರು, ಅದೇ ವರ್ಷ ಅದು ಬಿದ್ದುಹೋಯ್ತು. ಮಾಮಿಚ್‌ಗೆ ಶಿಕ್ಷೆ ಆಯ್ತು. ಅಭಿಮಾನಿಯಾಗಿ ನಂಗೆ ಆ ಸಾಕ್ಷಿ ದಿನ ನೋವಾಗಿತ್ತು, ಈಗ್ಲೂ ಅದನ್ನ ಸರಿ ಅಂತ ಹೇಳೋಕೆ ಮನಸು ಬರಲ್ಲ.

ಪ್ರಶ್ನೆ: ಮೊಡ್ರಿಚ್‌ಗೂ ನಮ್ಮ ಇಂಡಿಯಾ ಫುಟ್‌ಬಾಲ್‌ಗೂ ಏನಾದ್ರೂ ನಂಟಿದೆಯಾ?
(ಓದುಗರು, ಬೆಂಗಳೂರು)

ಉತ್ತರ: ಇದೆ. 2019ರಿಂದ 2024ರ ತನಕ ನಮ್ಮ ಟೀಮ್ ಕೋಚ್ ಆಗಿದ್ದ ಇಗೋರ್ ಸ್ತಿಮಾಟ್ಸ್ 2012-13ರಲ್ಲಿ ಕ್ರೊವೇಶಿಯಾ ಕೋಚ್ ಆಗಿದ್ರು, ಆ ಟೀಮಲ್ಲಿ ಮೊಡ್ರಿಚ್ ಆಡ್ತಿದ್ದ. 2023ರ ಸ್ಯಾಫ್ ಕಪ್ಪನ್ನ (ದಕ್ಷಿಣ ಏಷ್ಯಾ ಟೂರ್ನಮೆಂಟು) ಕಂಠೀರವದಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆದ್ವಲ್ಲ, ಅದು ಅವರ ಕಾಲದಲ್ಲೇ.

ಪ್ರಶ್ನೆ: ಅಕಾಡೆಮಿಗೆ ಹೋಗೋಕೆ ದುಡ್ಡಿಲ್ಲ. ಮಿಡ್‌ಫೀಲ್ಡರ್ ಆಗೋಕೆ ಮನೆ ಹತ್ರನೇ ಏನ್ ಪ್ರಾಕ್ಟೀಸ್ ಮಾಡ್ಬಹುದು?
(ಒಂಬತ್ತನೇ ಕ್ಲಾಸ್ ಹುಡುಗಿ, ಧಾರವಾಡ)

ಉತ್ತರ: ಹಾಸನದ ಹುಡುಗನೂ ಇದನ್ನ ಓದ್ಕೋಬೇಕು. ಒಂದು ಗೋಡೆ, ಒಂದು ಬಾಲು, ಹಿಂದೆ ನಿಂತ್ಕೊಳ್ಳೋಕೆ ತಮ್ಮನೋ ಗೆಳತಿನೋ ಒಬ್ರು. ಗೋಡೆಯಿಂದ ಎಂಟ್ಹತ್ತು ಹೆಜ್ಜೆ ದೂರ ನಿಂತು ಬಾಲ್ ಹೊಡಿ. ಅದು ಗೋಡೆಗೆ ತಾಗಿ ವಾಪಸ್ ಬರೋದ್ರೊಳಗೆ ಕತ್ತು ತಿರುಗಿಸಿ ಹಿಂದೆ ನೋಡು. ಹಿಂದೆ ಇರೋರು ಎಡಗೈ ಇಲ್ಲ ಬಲಗೈ ಎತ್ತಿರಬೇಕು, ಯಾವ ಕೈ ಅಂತ ಜೋರಾಗಿ ಹೇಳ್ಬೇಕು ನೀನು, ಆಮೇಲೇ ಬಾಲ್ ಮುಟ್ಬೇಕು, ಆ ಕೈ ಕಡೆಗೇ ತಿರುಗ್ಬೇಕು. ಮೊದಲ ವಾರ ಬಾಲ್ ತಪ್ಪುತ್ತೆ, ಕತ್ತು ನೋಯುತ್ತೆ, ಬಿಡ್ಬೇಡ. ಬಲಗಾಲಲ್ಲಿ ಐವತ್ತು ಆದ್ಮೇಲೆ ಎಡಗಾಲಲ್ಲಿ ಐವತ್ತು. ಎರಡು ತಿಂಗಳು ಬಿಟ್ಟು ಹೆಂಗಾಯ್ತು ಅಂತ ನಂಗೆ ಬರೀರಿ, ಇಬ್ರೂ.