ಡಬ್ಬಿ ಮೇಲಿನ ಲೀಟರ್ ನೋಡಿ ಪಂಪ್ ಕೊಳ್ಳಬಹುದಾ?

ಈ ಸಲ ಬಂದ ಪ್ರಶ್ನೆಗಳೆಲ್ಲ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನ, ಅಂದರೆ ರೀಫ್ ಟ್ಯಾಂಕಿನ ಪಂಪ್ ಬಗ್ಗೆಯೇ. ಸುತ್ತಿ ಬಳಸಿ ಹೆಚ್ಚಿನವರು ಕೇಳಿರುವುದು ಒಂದೇ: "ಎಷ್ಟು ಲೀಟರ್‌ನದು ತಗೊಳ್ಳಲಿ?" ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ರೀಫ್ ಟ್ಯಾಂಕ್ ಇದೆ. ಕೆಳಗೆ ಕ್ಯಾಬಿನೆಟ್‌ನಲ್ಲಿ ಸಂಪ್ (ಟ್ಯಾಂಕಿನ ನೀರು ಇಳಿದು ಬರುವ ಎರಡನೇ ತೊಟ್ಟಿ), ಅದರಲ್ಲಿ ಗಂಟೆಗೆ 3,000 ಲೀಟರಿನ ಪಂಪ್. ಸದ್ಯಕ್ಕೆ ಮಶ್ರೂಮ್, ಜೋವಾ, ಒಂದು ಟಾರ್ಚ್ ಹವಳ ಇವೆ. ಮುಂದೆ ಆಕ್ರೋ ಹವಳ ಇಡುವ ಆಸೆ. ಇಷ್ಟು ದೊಡ್ಡ ಪಂಪ್ ಇದ್ದರೂ ಬಂಡೆಗಳ ಹಿಂದೆ ಕಸ ಕೂರುತ್ತಿದೆ. ಇನ್ನೂ ದೊಡ್ಡದು ಹಾಕಲಾ? (ಓದುಗರು, ಬೆಂಗಳೂರು)

ಉತ್ತರ: ಬೇಡ. ಎತ್ತುವುದಕ್ಕೆ ಈಗಿರುವ ಪಂಪೇ ಜಾಸ್ತಿಯಾಯಿತು. ನಿಮಗೆ ಬೇಕಿರುವುದು ಬೇರೆ ಜಾತಿಯ ಪಂಪ್.

ರೀಫ್ ಟ್ಯಾಂಕಿನಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಸಂಪಿನ ನೀರನ್ನು ಮೇಲಕ್ಕೆತ್ತುವುದು ಒಂದು. ಅದು ರಿಟರ್ನ್ ಪಂಪಿನ ಕೆಲಸ. ಟ್ಯಾಂಕಿನೊಳಗೆ ನೀರನ್ನು ಓಡಾಡಿಸುವುದು ಇನ್ನೊಂದು. ಅದು ವೇವ್‌ಮೇಕರ್ ಕೆಲಸ. ರಿಟರ್ನ್ ಪಂಪಿನಲ್ಲಿರುವ ಇಂಪೆಲ್ಲರ್ ನೀರನ್ನು ಒತ್ತಡದಿಂದ ಪೈಪಿಗೆ ನೂಕುತ್ತದೆ. ವೇವ್‌ಮೇಕರ್‌ನಲ್ಲಿರುವುದು ಫ್ಯಾನಿನಂಥ ಪ್ರೊಪೆಲ್ಲರ್. ಅದಕ್ಕೆ ನೀರೆತ್ತಲು ಬರುವುದಿಲ್ಲ. ಆದರೆ ರಾಶಿ ನೀರನ್ನು ಅಗಲವಾಗಿ, ಮೆತ್ತಗೆ ತಳ್ಳುತ್ತದೆ, ಅದೂ ತೀರಾ ಕಡಿಮೆ ಕರೆಂಟಿನಲ್ಲಿ. ಜರ್ಮನಿಯ ಟುನ್ಜೆ ಕಂಪನಿಯ 6045 ಅನ್ನುವ ಪುಟ್ಟ ವೇವ್‌ಮೇಕರ್ ಗಂಟೆಗೆ 4,500 ಲೀಟರ್‌ವರೆಗೆ ತಳ್ಳುತ್ತದೆ. ಅದಕ್ಕೆ ಬೇಕಾಗುವುದು 7 ವ್ಯಾಟ್. 3,000 ಲೀಟರಿನ ಎಸಿ (ನೇರ ಮನೆಯ ಕರೆಂಟಿನಲ್ಲಿ ಓಡುವ) ರಿಟರ್ನ್ ಪಂಪ್ ಸಾಮಾನ್ಯವಾಗಿ 40ರಿಂದ 60 ವ್ಯಾಟ್ ತಿನ್ನುತ್ತದೆ. ಟ್ಯಾಂಕಿನೊಳಗೆ ನೀರು ಓಡಾಡಲಿ ಅಂತ ರಿಟರ್ನ್ ಪಂಪ್ ದೊಡ್ಡದು ಮಾಡುವುದು ಸುಮ್ನೆ ದುಡ್ಡು ದಂಡ. ಮೇಲಿಂದ ನೀರು ಬೀಳುವ ಸದ್ದೂ ಜಾಸ್ತಿ, ಟ್ಯಾಂಕ್ ತುಂಬ ಗುಳ್ಳೆಗಳೂ ಜಾಸ್ತಿ.

ಇನ್ನು ಆ 3,000. ಡಬ್ಬಿ ಮೇಲೆ ಎರಡು ನಂಬರ್ ಇರುತ್ತವೆ, ನೋಡಿ. ಕ್ಯೂ ಮ್ಯಾಕ್ಸ್ 3,000 ಲೀಟರ್, ಎಚ್ ಮ್ಯಾಕ್ಸ್ 2.5 ಮೀಟರ್ ಅಂತಿದೆ ಅಂದುಕೊಳ್ಳೋಣ. ಮೊದಲನೆಯದು ನೀರನ್ನು ಒಂದಿಂಚೂ ಎತ್ತದಿದ್ದಾಗ ಬರುವ ಲೆಕ್ಕ. ಎರಡನೆಯದು ಇನ್ನು ಒಂದು ತೊಟ್ಟೂ ಹತ್ತುವುದಿಲ್ಲ ಅನ್ನುವ ಎತ್ತರ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಸಂಪಿನಿಂದ ಟ್ಯಾಂಕಿನ ಅಂಚಿಗೆ ಸುಮಾರು 1.2 ಮೀಟರ್ ಇದ್ದರೆ, ಅಂದಾಜು ಅರ್ಧ ನೀರು ಅಲ್ಲೇ ಹೋಯಿತು. ನಡುವೆ ಎರಡು ಎಲ್ಬೋ, ಸಣ್ಣ ಪೈಪ್ ಇದ್ದರೆ ಇನ್ನಷ್ಟು ಕಡಿಮೆ.

ನಿಜ ಎಷ್ಟು ಅಂತ ತಿಳಿಯಲು ಬಕೆಟ್ ಸಾಕು. ರಿಟರ್ನ್ ಪೈಪಿನ ಬಾಯನ್ನು ಅದೇ ಎತ್ತರದಲ್ಲಿ ಹಿಡಿದು 10 ಲೀಟರ್ ಬಕೆಟ್ ತುಂಬಿಸಿ, ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿ. 30 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,200 ಲೀಟರ್. ನಿಮ್ಮ ಟ್ಯಾಂಕ್ ಗಾಜಿನ ಅಳತೆಯಲ್ಲಿ ಸುಮಾರು 190 ಲೀಟರ್. ಬಂಡೆ, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 160 ಉಳಿಯಬಹುದು. ಸಂಪಿನ ಮೂಲಕ ಗಂಟೆಗೆ ಮೂರರಿಂದ ಐದು ಸಲ ನೀರು ಹಾದುಹೋದರೆ ಸಾಕು, ಅಂದರೆ 500ರಿಂದ 800 ಲೀಟರ್. ಈಗಿನ ಪಂಪಿನ ಹೊರಬಾಯಿಗೆ ಒಂದು ವಾಲ್ವ್ ಹಾಕಿ ಸ್ವಲ್ಪ ಕಡಿಮೆ ಮಾಡಿದರೂ ನಡೆಯುತ್ತದೆ. ಒಳಬಾಯಿಗೆ ಮಾತ್ರ ವಾಲ್ವ್ ಹಾಕಬೇಡಿ. ನೀರು ಸಾಲದೆ ಪಂಪ್ ಹಾಳಾಗುತ್ತದೆ.

ವೇವ್‌ಮೇಕರ್‌ಗೆ ರೂಢಿಯಲ್ಲಿರುವ ಲೆಕ್ಕ ಹೀಗಿದೆ. ಮೆತ್ತನೆ ಹವಳಗಳಿಗೆ ಟ್ಯಾಂಕ್ ನೀರಿನ 10ರಿಂದ 20 ಪಟ್ಟು, ಟಾರ್ಚ್, ಹ್ಯಾಮರ್ ಥರದ ದೊಡ್ಡ ಪಾಲಿಪ್‌ನವಕ್ಕೆ 20ರ ಮೇಲೆ, ಆಕ್ರೋಗಳಿಗೆ 40 ಪಟ್ಟು ಅಥವಾ ಜಾಸ್ತಿ. ನಿಮ್ಮ ಮಟ್ಟಿಗೆ 3,200ರಿಂದ ಶುರುವಾಗಿ 6,400ಕ್ಕೆ ಹೋಗುತ್ತದೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಅಂಗಡಿಗೆ ಹೋಗುವ ಮುಂಚೆ ಒಂದು ಅಂದಾಜು ಇರಲಿ ಅಂತ, ಅಷ್ಟೇ. 8,000 ಲೀಟರಿನ ಒಂದು ಕೊಳ್ಳುವ ಬದಲು 4,000ದ ಎರಡು ಕೊಳ್ಳಿ, ವೇಗ ಹೆಚ್ಚುಕಡಿಮೆ ಮಾಡಲು ಬರುವಂಥದ್ದು. ಒಂದು ಕೆಟ್ಟರೂ ಇನ್ನೊಂದು ಓಡುತ್ತಿರುತ್ತದೆ. ಅದಕ್ಕಿಂತ ಮುಖ್ಯ, ಒಂದೇ ಪಂಪ್ ಆದರೆ ನೀರು ಸದಾ ಒಂದೇ ಕಡೆಯಿಂದ ಬಡಿಯುತ್ತದೆ, ಬಂಡೆಯ ಆ ಬದಿಗೆ ತಲುಪುವುದೇ ಇಲ್ಲ. ನಿಮ್ಮ ಕಸ ಕೂರುತ್ತಿರುವುದು ಅಲ್ಲೇ ಅಲ್ವಾ?

ಎರಡನ್ನೂ ಅಕ್ಕಪಕ್ಕದ ಗಾಜುಗಳಿಗೆ, ಮೇಲಿನ ಮೂರನೇ ಒಂದು ಭಾಗದಲ್ಲಿ ಅಂಟಿಸಿ. ಒಂದರ ಮೂತಿ ಸ್ವಲ್ಪ ಮೇಲಕ್ಕಿರಲಿ. ನೀರಿನ ಮೇಲ್ಮೈ ಸಣ್ಣಗೆ ಅಲುಗುತ್ತಿರಬೇಕು, ಗಾಳಿಯ ಆಮ್ಲಜನಕ ಒಳಗಿಳಿಯುವುದು ಅಲ್ಲಿಂದಲೇ. ಇನ್ನೊಂದು ಬಂಡೆಯ ಹಿಂದಿನ ಸಂದಿನ ಕಡೆ ನೋಡುತ್ತಿರಲಿ. ಎರಡನ್ನೂ ಪೂರ್ತಿ ಎದುರುಬದುರು ಇಡುವವರೂ ಇದ್ದಾರೆ. ಎರಡು ಹರಿವು ನಡುವೆ ಡಿಕ್ಕಿಯಾಗಿ ಗೊತ್ತುಗುರಿಯಿಲ್ಲದೆ ಸುತ್ತುವುದು ಹವಳಕ್ಕೆ ಒಳ್ಳೆಯದೇ.

ಆಮೇಲೆ ನಂಬರ್ ಬಿಡಿ, ಹವಳ ನೋಡಿ. ಹೆಪ್ಪು ಕರಗಿಸಿದ ಬ್ರೈನ್ ಶ್ರಿಂಪ್ (ಮೀನಿಗೆ ಹಾಕುವ ಪುಟ್ಟ ಸಿಗಡಿ) ಒಂದು ಚಿಟಿಕೆ ಹಾಕಿ ಕಣ್ಣಿಟ್ಟು ಕೂತುಕೊಳ್ಳಿ. ಅದು ಎಲ್ಲಿ ಸುತ್ತಿ ಸುತ್ತಿ ಕೆಳಗೆ ಕೂರುತ್ತದೋ ಅಲ್ಲಿ ನೀರು ಸತ್ತಿದೆ ಅಂತ ಅರ್ಥ. ಟಾರ್ಚಿನ ಬೆರಳುಗಳು ಅತ್ತ ಒಮ್ಮೆ ಇತ್ತ ಒಮ್ಮೆ ತೂಗಬೇಕು. ಎಲ್ಲವೂ ಒಂದೇ ಕಡೆ ಮಲಗಿಕೊಂಡಿದ್ದರೆ ನೀರು ನೇರವಾಗಿ ಬಡಿಯುತ್ತಿದೆ. ಹೀಗೇ ಬಿಟ್ಟರೆ ಅದರ ಮಾಂಸ ಕೆಳಗಿನ ಸುಣ್ಣದ ಅಂಚಿಗೆ ಉಜ್ಜಿ ಹರಿಯುತ್ತದೆ. ಮಶ್ರೂಮ್‌ಗಳನ್ನು ಕೆಳಗೆ, ನೀರು ನಿಧಾನ ಇರುವಲ್ಲಿ ಇಡಿ. ಆಕ್ರೋ ಬಂದಾಗ ಅದಕ್ಕೆ ಮೇಲಿನ ಜಾಗ.

ಇಷ್ಟೆಲ್ಲ ಯಾಕೆ ಅಂದರೆ, ಹವಳ ಎದ್ದು ಹೋಗಿ ಉಣ್ಣುವ ಪ್ರಾಣಿ ಅಲ್ಲ. ಆಮ್ಲಜನಕ, ಆಹಾರ, ಅಸ್ಥಿ ಕಟ್ಟಲು ಬೇಕಾದ ಕ್ಯಾಲ್ಸಿಯಂ ಎಲ್ಲವನ್ನೂ ನೀರೇ ಬಾಗಿಲಿಗೆ ತಂದುಕೊಡಬೇಕು, ಲೋಳೆ, ಕಸವನ್ನು ಅದೇ ಹೊತ್ತೊಯ್ಯಬೇಕು. ನೀರು ನಿಂತರೆ ಹವಳದ ಮೈಗೆ ಅಂಟಿದ ತೆಳು ಪದರ ಬದಲಾಗುವುದೇ ಇಲ್ಲ. ಲೈಟು, ಉಪ್ಪು ಎಷ್ಟೇ ಚೆನ್ನಾಗಿದ್ದರೂ ಆಗ ಉಪಯೋಗ ಕಡಿಮೆ.

ಪ್ರಶ್ನೆ: ಏಪ್ರಿಲ್‌, ಮೇನಲ್ಲಿ ಟ್ಯಾಂಕ್ ನೀರು 30 ಡಿಗ್ರಿ ದಾಟುತ್ತದೆ. ಪಂಪ್ ಬದಲಿಸಿದರೆ ಇಳಿಯುತ್ತದಾ? (ಓದುಗರು, ಮಂಗಳೂರು)

ಉತ್ತರ: ಸ್ವಲ್ಪ ಇಳಿಯುತ್ತದೆ. ನೀರೊಳಗೆ ಮುಳುಗಿರುವ ಪಂಪ್ ಎಷ್ಟು ವ್ಯಾಟ್ ಎಳೆಯುತ್ತದೋ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. 60 ವ್ಯಾಟಿನ ಹಳೆಯ ಪಂಪ್ ಅಂದರೆ 24 ಗಂಟೆಯೂ ಆರದ 60 ವ್ಯಾಟಿನ ಹೀಟರ್. ಅದರ ಜಾಗಕ್ಕೆ 20 ವ್ಯಾಟಿನ ಡಿಸಿ (ಅಡಾಪ್ಟರ್ ಮೂಲಕ ಓಡುವ) ಪಂಪ್ ಹಾಕಿದರೆ ಬಿಸಿಯೂ ಇಳಿಯುತ್ತದೆ, ತಿಂಗಳಿಗೆ 43 ಯೂನಿಟ್ ಹೋಗುತ್ತಿದ್ದಲ್ಲಿ 14 ಚಿಲ್ಲರೆ ಹೋಗುತ್ತದೆ. ಮೋಟಾರ್ ಗಾಜಿನ ಹೊರಗೆ ಇದ್ದು ಅಯಸ್ಕಾಂತದಿಂದ ಒಳಗಿನ ಪ್ರೊಪೆಲ್ಲರ್ ತಿರುಗಿಸುವ ವೇವ್‌ಮೇಕರ್‌ಗಳೂ ಇವೆ. ವೋರ್‌ಟೆಕ್ ಆ ಥರದ್ದು. ಬೆಲೆ ಜಾಸ್ತಿ. ಕೊಳ್ಳುವ ಮುಂಚೆ ಅದು ಎಷ್ಟು ದಪ್ಪ ಗಾಜಿನವರೆಗೆ ಹಿಡಿಯುತ್ತದೆ, ನಿಮ್ಮ ಗಾಜು ಎಷ್ಟು ಮಿಲಿಮೀಟರ್ ಅಂತ ಅಳೆದುಕೊಳ್ಳಿ.

ಆದರೆ ನಿಮ್ಮೂರಿನ ಬೇಸಿಗೆಗೆ ಪಂಪ್ ಒಂದೇ ಮದ್ದಲ್ಲ. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನೀರಿನ ಮೇಲ್ಮೈಗೆ ಬೀಸುವ ಫ್ಯಾನ್ ಹಾಕಿದರೂ ಕಡಲ ತೀರದ ಸೆಕೆಯಲ್ಲಿ ನೀರು ಬೇಗ ಆವಿಯಾಗುವುದಿಲ್ಲ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್ ಬೇಕಾಗಬಹುದು. ಚಿಲ್ಲರ್‌ಗೆ ಗಂಟೆಗೆ ಇಷ್ಟು ಲೀಟರ್ ಹಾಯಬೇಕು ಅಂತ ಅದರ ಮೇಲೆ ಬರೆದಿರುತ್ತದೆ, ರಿಟರ್ನ್ ಪಂಪ್ ಆರಿಸುವಾಗ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪತ್ರದ ಕೊನೆಯಲ್ಲಿ, ಮುರುಡೇಶ್ವರದ ಕಡೆಯಿಂದ ಹವಳ ತಂದುಕೊಡುವವರಿದ್ದಾರೆ ಅಂತ ಬರೆದಿದ್ದೀರಿ. ತಗೊಳ್ಳಬೇಡಿ. ನಮ್ಮ ಕಡಲಿನ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸಮುದ್ರ ಬೀಸಣಿಗೆ (ಸೀ ಫ್ಯಾನ್) ಅನ್ನುವ ಹವಳಕ್ಕೂ ಅದೇ ಕಾನೂನು.

ಪ್ರಶ್ನೆ: ನಮ್ಮಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತದೆ. ಹೋದಾಗಲೆಲ್ಲ ಸಂಪ್ ತುಂಬಿ ನೆಲಕ್ಕೆ ಉಪ್ಪುನೀರು ಚೆಲ್ಲುತ್ತದೆ. ಎಸಿ ಪಂಪ್ ಒಳ್ಳೆಯದಾ, ಡಿಸಿಯಾ? (ಓದುಗರು, ದಾವಣಗೆರೆ)

ಉತ್ತರ: ಚೆಲ್ಲುವುದಕ್ಕೆ ಎಸಿ, ಡಿಸಿ ಕಾರಣ ಅಲ್ಲ. ಪಂಪ್ ನಿಂತ ಕೂಡಲೇ ರಿಟರ್ನ್ ಪೈಪ್ ತಿರುಗಿ ಸೈಫನ್ ಆಗಿ ಮೇಲಿನ ನೀರನ್ನು ಕೆಳಗೆ ಎಳೆಯುತ್ತದೆ. ಪೈಪಿನ ಬಾಯಿ ನೀರಿನೊಳಗೆ ಎಷ್ಟು ಆಳದಲ್ಲಿದೆಯೋ ಅಷ್ಟು ನೀರು ಇಳಿದೇ ಇಳಿಯುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ನಾಲ್ಕು ಲೀಟರಿಗೂ ಜಾಸ್ತಿ. ಬಾಯಿ 5 ಸೆಂಟಿಮೀಟರ್ ಕೆಳಗಿದ್ದರೆ 20 ಲೀಟರ್ ದಾಟಿತು. ಬಾಯನ್ನು ಮೇಲ್ಮೈಗೆ ಹತ್ತಿರ ತನ್ನಿ. ನೀರಿನ ಮಟ್ಟದಿಂದ ತುಸು ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ, ಮಟ್ಟ ಇಳಿದಾಗ ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಆ ತೂತು ಪಾಚಿಯಿಂದ ಮುಚ್ಚಿಕೊಳ್ಳದಂತೆ ನೋಡುತ್ತಿರಿ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಾಕಿಕೊಂಡು ನಿಶ್ಚಿಂತೆಯಾಗಿರಬೇಡಿ. ಸುಣ್ಣದ ಪದರವೋ ಪುಟ್ಟ ಬಸವನಹುಳವೋ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಎಲ್ಲ ಸರಿ ಮಾಡಿದ ಮೇಲೆ ನೀವೇ ಸ್ವಿಚ್ ಆರಿಸಿ, ಸಂಪ್ ಎಲ್ಲಿವರೆಗೆ ಏರಿತು ನೋಡಿ, ಅಲ್ಲಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ.

ಇನ್ನು ಎಸಿ, ಡಿಸಿ ಮಾತು. ಎಸಿ ಪಂಪ್ ಸರಳ, ಒಳ್ಳೆಯದಾದರೆ ವರ್ಷಾನುಗಟ್ಟಲೆ ಬಾಳುತ್ತದೆ. ವೇಗ ಬದಲಿಸಲು ಆಗುವುದಿಲ್ಲ. ಡಿಸಿ ಪಂಪ್ ಸದ್ದು ಕಡಿಮೆ, ವೇಗ ನಿಮ್ಮ ಕೈಯಲ್ಲಿ. ಹೆಚ್ಚಿನವು ನೀರಿಲ್ಲದೆ ಓಡಿದರೆ ತಾವೇ ನಿಲ್ಲುತ್ತವೆ. ಆದರೆ ಕಂಟ್ರೋಲರ್, ಅಡಾಪ್ಟರ್ ಅಂತ ಕೆಡುವ ಬಾಬತ್ತು ಹೆಚ್ಚು. ಕೊಳ್ಳುವ ಅಂಗಡಿಯಲ್ಲೇ ಇವು ಬಿಡಿಯಾಗಿ ಸಿಗುತ್ತವಾ ಕೇಳಿ. ಸಿಗುವುದಿಲ್ಲ ಅಂದರೆ ನಾನಾದರೆ ಆ ಬ್ರ್ಯಾಂಡ್ ಬಿಡುತ್ತೇನೆ, ಎಷ್ಟೇ ಅಗ್ಗ ಇದ್ದರೂ. ನಿಮ್ಮ ಪರಿಸ್ಥಿತಿಗೆ ವೇವ್‌ಮೇಕರ್ ಡಿಸಿ ಇರಲಿ, ಮನೆಯ ಇನ್ವರ್ಟರಿಗೆ ಅದೊಂದನ್ನು ಕೊಡಿ. ಹೀಟರ್, ಚಿಲ್ಲರ್, ಲೈಟ್ ಯಾವುದೂ ಅದಕ್ಕೆ ಬೇಡ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಸೈನ್ ವೇವ್ ಆದರೆ ತೊಂದರೆ ಇಲ್ಲ.

ರಾತ್ರಿ ಕರೆಂಟ್ ಹೋದರೆ ಜಾಸ್ತಿ ಎಚ್ಚರ ಬೇಕು. ಬೆಳಕಿಲ್ಲದಾಗ ಹವಳದೊಳಗಿನ ಪಾಚಿ ಆಮ್ಲಜನಕ ಮಾಡುವುದಿಲ್ಲ, ಎಲ್ಲವೂ ಬರೀ ಬಳಸುತ್ತವೆ. 26 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿಸಿದರೆ, ಕಡಲ ನೀರಿನಲ್ಲಿ ಹಿಡಿಸುವುದು ಆರೂವರೆ ಚಿಲ್ಲರೆ ಮಾತ್ರ. ಬ್ಯಾಟರಿಯ ಏರ್ ಪಂಪ್ ಒಂದನ್ನು ಕ್ಯಾಬಿನೆಟ್‌ನಲ್ಲಿ ಇಟ್ಟಿರಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಈ ಸಲ ಬರುವಾಗ ಒಳ್ಳೆಯ ಪಂಪ್ ತರುತ್ತೇನೆ ಅನ್ನುತ್ತಿದ್ದಾನೆ. ತರಿಸಿಕೊಳ್ಳಲಾ? (ಓದುಗರು, ಹುಬ್ಬಳ್ಳಿ)

ಉತ್ತರ: ಡಿಸಿ ಪಂಪ್ ಆದರೆ ತರಿಸಿ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತಿರಬೇಕು. ಅಣ್ಣನಿಗೆ ಅದರ ಫೋಟೊ ಕಳಿಸಲು ಹೇಳಿ, ನೋಡಿ, ಆಮೇಲೆ ಹೂಂ ಅನ್ನಿ. ಎಸಿ ಪಂಪ್ ಬೇಡ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಈ ಪಂಪುಗಳ ವೇಗ ಹರ್ಟ್ಸ್ ಮೇಲೇ ನಿಂತಿರುವುದರಿಂದ ನಮ್ಮ 50ರಲ್ಲಿ ಆರನೇ ಒಂದು ಭಾಗ ನಿಧಾನ ತಿರುಗುತ್ತದೆ. ಎತ್ತುವ ಎತ್ತರ ಅದಕ್ಕಿಂತ ಹೆಚ್ಚು ಕುಸಿಯುತ್ತದೆ.

ಪ್ರಶ್ನೆ: ಏರ್ ಕೂಲರಿನ ಪಂಪ್ ರಿಟರ್ನ್‌ಗೆ ಹಾಕಬಹುದಾ? ಕಾಲು ಭಾಗ ದುಡ್ಡಿಗೆ ಸಿಗುತ್ತದೆ. (ಓದುಗರು, ಬಳ್ಳಾರಿ)

ಉತ್ತರ: ಖಂಡಿತ ಬೇಡ. ಅದು ಉಪ್ಪುನೀರಿಗೆ ಮಾಡಿದ್ದಲ್ಲ. ಲೋಹದ ಶಾಫ್ಟ್, ಸ್ಕ್ರೂ ಬೇಗ ತುಕ್ಕು ಹಿಡಿಯುತ್ತವೆ. ಎಲ್ಲಾದರೂ ತಾಮ್ರ, ಹಿತ್ತಾಳೆ ಇದ್ದರೆ ತಾಮ್ರ ನೀರಿಗಿಳಿದು ಸಿಗಡಿ, ಬಸವನಹುಳ, ಹವಳ ಸಾಯುತ್ತವೆ. ಸೆರಾಮಿಕ್ ಶಾಫ್ಟ್ ಇದ್ದು, ಉಪ್ಪುನೀರಿಗೆ ಆಗುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಿ. ಉಪ್ಪುನೀರಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಕೈ ಹಾಕುವವರು ನೀವು. ಯಾವ ಪಂಪ್ ಹಾಕಿದರೂ ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲಿ. ಪ್ಲಗ್ಗಿಗೆ ಹೋಗುವ ವೈರ್ ಸಾಕೆಟ್‌ಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ, ಆಗ ಹನಿ ವೈರ್ ಹಿಡಿದು ಬಂದರೂ ಕೆಳಗೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಆನ್ ಮಾಡಿದಾಗ ವೇವ್‌ಮೇಕರ್ ಟಕಟಕ ಅನ್ನುತ್ತದೆ. ನೀರು ತಳ್ಳುವುದೂ ಕಡಿಮೆಯಾಗಿದೆ. ಹೊಸದು ತಗೊಳ್ಳಲಾ? (ಓದುಗರು, ಮೈಸೂರು)

ಉತ್ತರ: ಮೊದಲು ತೊಳೆದು ನೋಡಿ. ಅಗ್ಗದ ಎಸಿ ವೇವ್‌ಮೇಕರ್‌ಗಳು ಶುರುವಾಗುವಾಗ ಯಾವ ಕಡೆ ತಿರುಗಬೇಕು ಅನ್ನುವುದು ಗೊತ್ತಾಗದೆ ಒಮ್ಮೆ ಹಿಂದೆ ಹೋಗಿ ತಡೆಗೆ ಬಡಿದು ಮತ್ತೆ ಮುಂದೆ ತಿರುಗುತ್ತವೆ. ಟಕ್ ಅನ್ನುವುದು ಆ ಸದ್ದೇ. ಟೈಮರ್ ಹಾಕಿ ನಿಮಿಷಕ್ಕೊಮ್ಮೆ ಆನ್ ಆಫ್ ಮಾಡುತ್ತಿದ್ದರೆ ನಿಲ್ಲಿಸಿ, ಬೇಗ ಸವೆಯುತ್ತವೆ. ಹರಿವು ಕಡಿಮೆಯಾಗಿದ್ದರೆ ಸುಣ್ಣ ಕಟ್ಟಿರುತ್ತದೆ. ಪ್ಲಗ್ ಕಿತ್ತು ಪ್ರೊಪೆಲ್ಲರ್ ಬಿಡಿಸಿ, ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ ಒಂದು ಗಂಟೆ ನೆನೆಸಿಡಿ. ಹಳೆಯ ಟೂತ್‌ಬ್ರಷ್‌ನಲ್ಲಿ ಒಳಗಿನ ಗುಂಡಿಯನ್ನೂ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.

ತೊಳೆಯುವಾಗ ಅಯಸ್ಕಾಂತದ ಮೇಲಿನ ಪ್ಲಾಸ್ಟಿಕ್ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ತುಕ್ಕು ನೀರಿಗೆ ಸೇರುತ್ತಿದೆ. ಆಗ ಪ್ರೊಪೆಲ್ಲರ್ ಸೆಟ್ ಮಾತ್ರ ಬದಲಿಸಿ, ಬಿಡಿಯಾಗಿ ಸಿಗದಿದ್ದರೆ ಪೂರ್ತಿ ಪಂಪ್.