ಎರಡನೇ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಏನು ಶಿಕ್ಷೆ? ಕೋರ್ಟಿನಲ್ಲಿ ವಾದಿಸಲು ಏನಾದರೂ ಇರುತ್ತದೆಯೇ?

ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವುದು ಇದನ್ನೇ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, 10,000 ದಂಡ. ಜಾಸ್ತಿಯಾಗಿದ್ದು ಐದೇ ಸಾವಿರ ಅಲ್ವಾ ಅನ್ನಬೇಡಿ, ಜೈಲು ನಾಲ್ಕು ಪಟ್ಟಾಗಿದೆ! ಅಪರಾಧ ಸಾಬೀತಾದರೆ ಕನಿಷ್ಠ ಆರು ತಿಂಗಳು ಡಿಎಲ್ ಕೂಡ ಹೋಗುತ್ತದೆ.

ವಾದಿಸಲು ಜಾಗ ಇರುವುದು ಅಳತೆಯಲ್ಲಿ. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿದರೆ ಕೇಸು. ಆದರೆ ಊದುವ ಯಂತ್ರ ರಕ್ತವನ್ನು ನೋಡುವುದಿಲ್ಲ, ಉಸಿರಿನಿಂದ ಅಂದಾಜು ಲೆಕ್ಕ ಹಾಕುತ್ತದೆ. ಆಗಷ್ಟೇ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದ್ದರೆ, ಬಾಯಲ್ಲಿ ಉಳಿದ ಆಲ್ಕೋಹಾಲ್‌ನಿಂದಲೇ ಅಂಕಿ ಏರಬಹುದು. ಹಾಗಾಗಿ ವಕೀಲರು ಯಂತ್ರದಿಂದ ಬಂದ ಚೀಟಿ, ಅದನ್ನು ಕೊನೆಯ ಸಲ ಸರಿಹೊಂದಿಸಿದ ದಾಖಲೆ ಎರಡನ್ನೂ ಕೇಳುತ್ತಾರೆ.

ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು. ಹಾಗೆ ಬಿಟ್ಟರೆ ಕೇಸೇ ಬಿದ್ದುಹೋಯಿತು ಅಂತಲ್ಲ.

ಊದುವುದೇ ಇಲ್ಲ ಎಂದು ಸುಮ್ನೆ ಹಠ ಹಿಡಿದರೆ ಲಾಭವಿಲ್ಲ. ಸರಿಯಾದ ಕಾರಣ ಕೊಡದಿದ್ದರೆ 205ನೇ ಸೆಕ್ಷನ್ ಪ್ರಕಾರ ಆ ನಿರಾಕರಣೆಯೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ.